ಮಿರಜಿಗೆ ಹೋಗುವ ಗಾಡಿ

ಬೆಲ್ಲದ ಬಾಗೇವಾಡಿ, ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಹಿರಿಯರು ಜಡ್ಡಿಗೆ ಮೂರು ಮೆಟ್ಟಿಲು ಹೇಳುತ್ತಿದ್ದರು. ಮೊದಲನೆಯದು ಮನೆಯ ಕಷಾಯ, ಎರಡನೆಯದು ಊರ ಡಾಕ್ಟರರ ಸೂಜಿ. ಎರಡಕ್ಕೂ ಬಗ್ಗದಿದ್ದರೆ ಕಟ್ಟೆಯ ಮೇಲೆ ಕುಳಿತ ಯಾರಾದರೂ ಒಬ್ಬರು ಅಂದೇಬಿಡುತ್ತಿದ್ದರು: ‘ಇನ್ನ ತಡಾ ಮಾಡಬ್ಯಾಡ್ರಿ, ಮಿರಜಿಗಿ ಒಯ್ರಿ.’ ಆ ಮಾತು ಕೇಳಿದ ಕೂಡಲೇ ಮನೆಯ ಹೆಣ್ಣುಮಕ್ಕಳು ಅಳಲು ಶುರುಮಾಡುತ್ತಿದ್ದರು. ಗಂಡಸರು ದುಡ್ಡು ಹೊಂದಿಸಲು ಹೊರಡುತ್ತಿದ್ದರು. ಮಿರಜ ಅಂದರೆ ಜಡ್ಡು ದೊಡ್ಡದು ಎಂದು ಅರ್ಥ; ಆದರೂ ಒಂದು ಕೈ ನೋಡಬಹುದು ಎಂದೂ ಅರ್ಥ.

ನಮ್ಮ ಕಡೆಯವರಿಗೆ ಮಿರಜ ನಾಲ್ಕು ಕಾರಣಕ್ಕೆ ಗೊತ್ತು. ಖ್ವಾಜಾ ಮೀರಾಸಾಹೇಬರ ದರ್ಗಾ, ತಂಬೂರಿ-ಸಿತಾರ್ ಮಾಡುವ ಕುಶಲಿಗರ ಓಣಿ, ರೈಲಿನ ಜಂಕ್ಷನ್, ಮತ್ತು ಮಿಶನ್ ದವಾಖಾನೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಗೋರಿ ಇರುವುದು ಆ ದರ್ಗಾದ ಆವರಣದಲ್ಲೇ. ಧಾರವಾಡ ಸೀಮೆಯ ಸಂಗೀತಗಾರರು ಆ ದಾರಿ ಹಿಡಿದದ್ದರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಅದೇ ದಾರಿಯಲ್ಲಿ, ಅದೇ ಗಾಡಿಯಲ್ಲಿ, ಕಣ್ಣಿಗೆ ಪೊರೆ ಬಂದ ಮುದುಕರು, ಹೊಟ್ಟೆಯಲ್ಲಿ ಗಡ್ಡೆ ಬೆಳೆದ ಹೆಂಗಸರು, ಗಾಣದ ಉರುಳೆಗೆ ಬೆರಳು ಕೊಟ್ಟ ಕೂಲಿಗಳು ಹೋದರು. ಅವರ ಬಗ್ಗೆ ಬರೆದದ್ದು ಕಡಿಮೆ.

ವಸ್ತುಸಂಗ್ರಹಾಲಯಗಳಲ್ಲೂ ಇಂಥ ರೋಗಿಗಳು ಕಾಣುವುದು ಕಡಿಮೆ. ಹಳೆಯ ಆಸ್ಪತ್ರೆಗಳ ವಸ್ತುಸಂಗ್ರಹಾಲಯಗಳನ್ನು ನೋಡಿದವರಿಗೆ ಅವುಗಳ ರೀತಿ ಗೊತ್ತಿರುತ್ತದೆ. ಸಂಸ್ಥಾಪಕರ ದೊಡ್ಡ ಫೋಟೊ, ಗಾಜಿನ ಕಪಾಟಿನಲ್ಲಿ ಇಕ್ಕಳ-ಕತ್ತರಿ, ಹಳೆಯ ರಜಿಸ್ಟರು, ದಾದಿಯರ ಸಾಲು ನಿಂತ ಗ್ರೂಪ್ ಫೋಟೊ. ಲಂಡನ್ನಿನಲ್ಲಿ ಇಂಥದ್ದೊಂದು ಇದೆ, ಪ್ರಸಿದ್ಧವಾದದ್ದು. ಸೇಂಟ್ ಥಾಮಸ್ ಆಸ್ಪತ್ರೆಗೆ ಸೇರಿದ್ದ ಹಳೆಯ ಚರ್ಚಿನ ಅಟ್ಟದ ಮೇಲೆ 1822ರಲ್ಲಿ ಕಟ್ಟಿದ ಶಸ್ತ್ರಚಿಕಿತ್ಸೆಯ ಕೋಣೆ ಅದು. ಆಸ್ಪತ್ರೆ ಬೇರೆಡೆ ಹೋದಮೇಲೆ ಎಲ್ಲರೂ ಅದನ್ನು ಮರೆತರು. 1956ರ ಸುಮಾರಿಗೆ ಮತ್ತೆ ಕಣ್ಣಿಗೆ ಬಿತ್ತು. ಮಧ್ಯದಲ್ಲಿ ಕಟ್ಟಿಗೆಯ ಮಂಚ, ಸುತ್ತ ವಿದ್ಯಾರ್ಥಿಗಳು ನಿಂತು ನೋಡುವ ಮೆಟ್ಟಿಲು, ರಕ್ತ ಹೀರಲು ಕಟ್ಟಿಗೆಯ ಹೊಟ್ಟು. ಮೊದಲ ಇಪ್ಪತ್ತೈದು ವರ್ಷ ಅಲ್ಲಿ ಮೈಮರೆಸುವ ಔಷಧಿಯೇ ಇರಲಿಲ್ಲ. ರೋಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೊಯ್ಯುತ್ತಿದ್ದರು. ಯುರೋಪಿನ ಬಡವರಿಗೆ ಆಸ್ಪತ್ರೆ ಎಂದರೆ ಎರಡು-ಮೂರು ತಲೆಮಾರು ಸಾವಿನ ಮನೆಯೇ ಆಗಿತ್ತು.

ಮಿರಜ ಆ ಘಟ್ಟವನ್ನು ಕಾಣಲಿಲ್ಲ. ಈಥರ್ ಬಂದದ್ದು 1846ರಲ್ಲಿ, ಕ್ಲೋರೋಫಾರ್ಮ್ 1847ರಲ್ಲಿ, ಗಾಯಕ್ಕೆ ಕೀವು ಹತ್ತದಂತೆ ಕಾರ್ಬಾಲಿಕ್ ಬಳಸುವ ಲಿಸ್ಟರನ ಪದ್ಧತಿ 1867ರಲ್ಲಿ. ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಎಂಬ ಬಗ್ಗೆ ಜಗತ್ತಿನ ಡಾಕ್ಟರರು ಜಗಳಾಡುತ್ತಿದ್ದಾಗ, 1888 ಮತ್ತು 1889ರಲ್ಲಿ ಅದನ್ನು ಪರೀಕ್ಷಿಸಲು ಎರಡು ಆಯೋಗ ಕುಳಿತದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲೇ, ನಿಜಾಮರ ಖರ್ಚಿನಲ್ಲಿ. ಕೃಷ್ಣೆಯ ದಂಡೆಗೆ ಚಾಕು ಬರುವ ಹೊತ್ತಿಗೆ ಅದರ ಜೊತೆ ನಿದ್ದೆಯ ಔಷಧಿಯೂ ಕುದಿಸಿದ ನೀರೂ ಬಂದಿದ್ದವು. ಹೀಗಾಗಿ ನಮ್ಮ ಹಳ್ಳಿಗಳಲ್ಲಿ ಮಿರಜಿನ ಹೆಸರು ಅಷ್ಟು ಬೇಗ ಹಬ್ಬಿತು ಅನಿಸುತ್ತದೆ. ಹೋದವರಲ್ಲಿ ಬಹಳ ಮಂದಿ ತಿರುಗಿ ಬಂದರು. ತಿರುಗಿ ಬಂದವನು ಸಂತೆಯಲ್ಲಿ ಅಂಗಿ ಎತ್ತಿ ಹೊಲಿಗೆ ತೋರಿಸಿದರೆ ಬೇರೆ ಪ್ರಚಾರ ಏಕೆ ಬೇಕು!

ಕಥೆಯ ಆರಂಭ ಕೊಲ್ಹಾಪುರದಲ್ಲಿದೆ. ರಾಯಲ್ ವೈಲ್ಡರ್ ಎಂಬ ಅಮೆರಿಕದ ಪಾದ್ರಿ 1852ರಲ್ಲಿ ಅಲ್ಲಿಗೆ ಬಂದು ಮಿಶನ್ ಶುರುಮಾಡಿದ. 1870ರಲ್ಲಿ ಅದು ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಯ ಕೈಗೆ ಹೋಯಿತು. ಆ ಸಭೆ 1889ರಲ್ಲಿ ಕಳಿಸಿದ ತರುಣ ವೈದ್ಯ ವಿಲಿಯಂ ಜೇಮ್ಸ್ ವಾನ್‌ಲೆಸ್. ಹುಟ್ಟಿದ್ದು 1865ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತದ ಒಂದು ಸಣ್ಣ ಊರಿನಲ್ಲಿ. ವೈದ್ಯಕೀಯ ಕಲಿತದ್ದು ನ್ಯೂಯಾರ್ಕಿನಲ್ಲಿ. ಹೆಂಡತಿ ಮೇರಿಯ ಜೊತೆ ಬಂದು ಮೊದಲು ಸಾಂಗ್ಲಿಯಲ್ಲಿ ಸಣ್ಣದೊಂದು ಔಷಧಾಲಯ ತೆರೆದ. ಮರಾಠಿ ಕಲಿತ. ಕೆಲವೇ ವರ್ಷಗಳಲ್ಲಿ ಪಕ್ಕದ ಮಿರಜಿಗೆ ಬಂದ. ಅಲ್ಲಿ ಆಸ್ಪತ್ರೆ ತೆರೆದದ್ದು 1894ರಲ್ಲಿ.

ಜಾಗ ಕೊಟ್ಟವರು ಮಿರಜಿನ ದೊಡ್ಡ ಪಾತಿಯ, ಅಂದರೆ ಹಿರಿಯ ಶಾಖೆಯ, ಸಂಸ್ಥಾನಿಕರಾದ ಗಂಗಾಧರರಾವ ಬಾಳಾಸಾಹೇಬ ಪಟವರ್ಧನರು. ಪೇಶ್ವೆಗಳ ಕಾಲದಿಂದ ಬಂದ ಬ್ರಾಹ್ಮಣ ಮನೆತನವೊಂದು ಕ್ರೈಸ್ತ ಮಿಶನರಿಗೆ ಜಾಗ ಕೊಟ್ಟಿತು ಎಂಬುದು ಇಂದು ಓದುವವರಿಗೆ ವಿಚಿತ್ರವೆನಿಸಬಹುದು. ಆ ಕಾಲದ ಸಂಸ್ಥಾನಿಕರಿಗೆ ಅದು ಸರಳ ಲೆಕ್ಕ. ಪ್ರಜೆಗಳಿಗೆ ದವಾಖಾನೆ ಸಿಗುತ್ತದೆ, ಊರಿಗೆ ಹೆಸರು ಬರುತ್ತದೆ, ಕಟ್ಟುವ ಖರ್ಚು ಪರದೇಶದವರದು. ಧರ್ಮದ ಮಾತು ಹೇಳಿದರೆ ಹೇಳಿಕೊಳ್ಳಲಿ. ಈ ಪಟವರ್ಧನರ ಆಳ್ವಿಕೆ ಬರೀ ಮರಾಠಿ ಸೀಮೆಯದಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಆದಿಕವಿ ಪಂಪನ ಹೆಸರಿನ ಜೊತೆ ಬೆಸೆದಿರುವ ನಮ್ಮ ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ, ಅದೇ ಮಿರಜ ಸಂಸ್ಥಾನದ ಒಂದು ತುಂಡಾಗಿತ್ತು.

ಇನ್ನು ಕಟ್ಟಡದ ದುಡ್ಡು. ಅದು ಬಂದದ್ದು ಫಿಲಡೆಲ್ಫಿಯಾದ ಜಾನ್ ಕಾನ್ವರ್ಸ್ ಎಂಬ ಶ್ರೀಮಂತರಿಂದ. ಅವರು ಬಾಲ್ಡ್ವಿನ್ ಲೋಕೋಮೋಟಿವ್ ವರ್ಕ್ಸ್ ಕಂಪನಿಯ ಪಾಲುದಾರರು, ಅಂದರೆ ರೈಲಿನ ಇಂಜಿನ್ ಮಾಡಿ ಗಳಿಸಿದ ದುಡ್ಡು. ಆ ದುಡ್ಡು ಬಂದು ಬಿದ್ದದ್ದೂ ರೈಲಿನ ಊರಿಗೆ. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸುವ ಸಂಗತಿ ಇದೇ. ಏಕೆಂದರೆ ಮಿರಜಿನ ಆಸ್ಪತ್ರೆಯನ್ನು ಬೆಳೆಸಿದವರ ಹೆಸರು ಹೇಳುವಾಗ ವಾನ್‌ಲೆಸ್‌ರ ಪಕ್ಕದಲ್ಲೇ ಸದರ್ನ್ ಮರಾಠಾ ರೇಲ್ವೆಯ ಹೆಸರನ್ನೂ ಹೇಳಬೇಕು.

ಪುಣೆಯಿಂದ ಮಿರಜ, ಬೆಳಗಾವಿಯ ಮೇಲೆ ಲೋಂಡಾಕ್ಕೆ ಹೋಗುವ ಮೀಟರ್‌ಗೇಜ್ ಹಳಿ 1880ರ ದಶಕದ ಕೊನೆಗೆ ನಮ್ಮ ಕಡೆ ಬಂತು. ಗೋಕಾಕ ಫಾಲ್ಸಿನ ನೂಲಿನ ಗಿರಣಿ ಶುರುವಾದದ್ದೂ ಆ ಸುಮಾರಿಗೇ, 1887ರಲ್ಲಿ. ಕೊಲ್ಹಾಪುರ ಸಂಸ್ಥಾನದವರು 1891ರಲ್ಲಿ ಮಿರಜಿಗೆ ತಮ್ಮ ಕೂಡುಹಳಿ ಹಾಕಿಸಿದರು. ಮುಂದೆ 1927ರಲ್ಲಿ ಬಾರ್ಶಿ ಲೈಟ್ ರೇಲ್ವೆಯ ಸಣ್ಣ ಗಾಡಿ ಪಂಢರಪುರದಿಂದ ಮಿರಜಿಗೆ ಬಂದು ಮುಟ್ಟಿತು. ಹೀಗೆ ವಿಠೋಬನ ದರ್ಶನಕ್ಕೆ ಹೋಗುವವರು, ಕೊಲ್ಹಾಪುರದ ಅಂಬಾಬಾಯಿಗೆ ಹೋಗುವವರು, ದರ್ಗಾದ ಉರುಸಿಗೆ ಹೋಗುವವರು, ಡಾಕ್ಟರ್ ಸಾಹೇಬರನ್ನು ಕಾಣುವವರು ಎಲ್ಲರೂ ಇಳಿಯುವುದು ಅದೊಂದೇ ಸ್ಟೇಷನ್ನಿನಲ್ಲಿ. ಕಾಲ್ನಡಿಗೆಯ ಮೇಲೆ ನಡೆಯುವ ಆಸ್ಪತ್ರೆಗೆ ಸುತ್ತಲಿನ ಹತ್ತು ಹರದಾರಿಯ ರೋಗಿಗಳು ಬಂದಾರು. ಜಂಕ್ಷನ್ನಿನ ಆಸ್ಪತ್ರೆಗೆ ಬರಲು ನೂರಾರು ಹಳ್ಳಿ.

ಆ ಪ್ರಯಾಣ ಹೀಗಿರುತ್ತಿತ್ತು. ಚಕ್ಕಡಿಯಲ್ಲಿ ಕಣಿಕೆ ಹಾಸಿ, ಮೇಲೆ ಕೌದಿ ಹರವಿ, ರೋಗಿಯನ್ನು ಮಲಗಿಸಿ ಬಾಗೇವಾಡಿ ರೋಡ್ ಇಲ್ಲವೆ ಘಟಪ್ರಭಾ ಸ್ಟೇಷನ್ನಿಗೆ ತರುವುದು. ಗಾಡಿ ಹತ್ತಿದರೆ ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ. ಚಿಂಚಲಿಯಲ್ಲಿ ಗಾಡಿ ನಿಂತಾಗ ಮಾಯಕ್ಕನಿಗೆ ಅಲ್ಲಿಂದಲೇ ಕೈಮುಗಿಯುವುದು. ಕುಡಚಿ ದಾಟಿದರೆ ಕೃಷ್ಣೆಯ ಸೇತುವೆ. ಹೊಳೆಗೆ ದುಡ್ಡು ಎಸೆದು ಹರಕೆ ಹೊರುವುದು. ಆಮೇಲೆ ಉಗಾರ, ಶೇಡಬಾಳ, ಮಿರಜ. ಘಟಪ್ರಭಾದಿಂದ ಲೆಕ್ಕ ಹಾಕಿದರೆ ಸುಮಾರು 80 ಕಿಲೋಮೀಟರ್. ರೋಗಿಯೊಬ್ಬನೇ ಹೋಗುವ ಮಾತೇ ಇಲ್ಲ. ಜೊತೆಗೆ ಅಡುಗೆ ಮಾಡಲು ಒಬ್ಬಾಕೆ, ಓಡಾಡಲು ಒಬ್ಬ, ‘ಮಾತಾಡಾಕ ಬರೂ’ ಮನುಷ್ಯ ಅಂತ ಮರಾಠಿ ಬಲ್ಲ ಇನ್ನೊಬ್ಬ. ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಜೋಳದ ಹಿಟ್ಟು. ಬಾಗೇವಾಡಿಯವರಾದರೆ ಒಂದು ಪೆಂಟೆ ಬೆಲ್ಲ ಇರಲೇಬೇಕು.

ಈ ಸಂಸಾರ ಸಮೇತ ಬರುವ ರೂಢಿ ಆ ಕಾಲದ ಮಿಶನ್ ಆಸ್ಪತ್ರೆಗಳನ್ನೆಲ್ಲ ಬದಲಿಸಿತು. ಕ್ರೈಸ್ತರ ಕೈಯ ನೀರು ಕುಡಿಯದವರು, ಮತ್ತೊಂದು ಜಾತಿಯವರ ಪಕ್ಕ ಉಣ್ಣದವರು ಬರುತ್ತಿದ್ದರು. ಆಸ್ಪತ್ರೆಯೇ ಅಡುಗೆ ಮಾಡಿ ಬಡಿಸುತ್ತೇನೆ ಅಂದಿದ್ದರೆ ಅರ್ಧ ಹಾಸಿಗೆ ಖಾಲಿ. ಹಾಗಾಗಿ ಆವರಣದಲ್ಲಿ ಅಲ್ಲಲ್ಲಿ ಮೂರು ಕಲ್ಲಿನ ಒಲೆಗಳು, ಹೊಗೆ, ಮಕ್ಕಳ ಗದ್ದಲ. ಒಳಗೆ ಕಾರ್ಬಾಲಿಕ್ ವಾಸನೆ, ಹೊರಗೆ ಒಗ್ಗರಣೆ ವಾಸನೆ. ಯುರೋಪಿನ ಆಸ್ಪತ್ರೆಯ ಶಿಸ್ತನ್ನು ಓದಿಕೊಂಡು ಬಂದ ಡಾಕ್ಟರರಿಗೆ ಇದು ಮೊದಲು ತಲೆನೋವಾಗಿರಬೇಕು. ಆದರೆ ರಾತ್ರಿಯಿಡೀ ರೋಗಿಯ ಕಾಲಬಳಿ ಕೂತು ಬೀಸಣಿಗೆ ಹಾಕುವ ಅಕ್ಕ-ತಂಗಿಯರು ಇಲ್ಲದಿದ್ದರೆ, ಬೆರಳೆಣಿಕೆಯ ದಾದಿಯರಿಂದ ಆ ವಾರ್ಡುಗಳು ನಡೆಯುತ್ತಿರಲಿಲ್ಲ. ಆ ಅಕ್ಕ-ತಂಗಿಯರ ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ.

ಧರ್ಮಪ್ರಚಾರದ ಮಾತನ್ನು ಮುಚ್ಚಿಡಬೇಕಿಲ್ಲ. ಆಸ್ಪತ್ರೆ ಕಟ್ಟಿದ್ದೇ ಅದಕ್ಕಾಗಿ. ಅವರೂ ಅದನ್ನು ಮುಚ್ಚಿಡಲಿಲ್ಲ. ಮಿಶನ್ ದವಾಖಾನೆಗಳಲ್ಲಿ ಔಷಧಿ ಕೊಡುವ ಮೊದಲು ಕಾದು ಕೂತವರಿಗೆ ಬೈಬಲ್ಲಿನ ಕಥೆ ಹೇಳುವ ವಾಡಿಕೆ ಇತ್ತು. ನಮ್ಮ ಜನ ಕೇಳಿದರು. ಕಥೆ ಕೇಳುವುದು ಅವರಿಗೆ ಹೊಸದಲ್ಲ. ಶರಣರದು, ದಾಸರದು, ಪೀರರದು ಎಲ್ಲ ಕೇಳಿದವರು. ಏಸುವಿನದನ್ನೂ ಕೇಳಿ, ಬಾಟ್ಲಿಯಲ್ಲಿ ಔಷಧಿ ಹಾಕಿಸಿಕೊಂಡು, ಊರಿಗೆ ಬಂದು ಬಸವಣ್ಣನಿಗೆ ಕಾಯಿ ಒಡೆದರು. ಮತಾಂತರವಾದವರು ಇರಲಿಲ್ಲವೆಂದಲ್ಲ, ಅದರಲ್ಲೂ ಊರಿಂದ ಹೊರಗಿಟ್ಟ ಜಾತಿಗಳವರು. ಮನುಷ್ಯರಂತೆ ಮುಟ್ಟಿ ನೋಡಿದ ಮೊದಲ ಜಾಗ ಯಾವುದೋ ಅದರ ಕಡೆ ಮನಸ್ಸು ವಾಲಿದರೆ ಅದನ್ನು ಬರೀ ಆಮಿಷ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆಸ್ಪತ್ರೆ ಮೂರು ವರ್ಷದ ಕೂಸಾಗಿದ್ದಾಗ ಕೆಟ್ಟ ಕಾಲ ಬಂತು. 1896-97ರ ಬರ, ಅದರ ಬೆನ್ನಿಗೆ ಪ್ಲೇಗು, ಮತ್ತೆ 1899-1900ರ ಬರ. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಿಡಿದೇ ನಮ್ಮ ಕಡೆ ಬಂತು. ರೋಗಿಯನ್ನು ಒಯ್ಯುವ ಹಳಿ ರೋಗವನ್ನೂ ತಂದಿತು. ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲೇ ಬಹಳ ಪೆಟ್ಟು ತಿಂದ ಜಿಲ್ಲೆಗಳು. ಇಲಿ ಬಿದ್ದ ಸುದ್ದಿ ಬಂದರೆ ಸಾಕು, ಊರಿಗೆ ಊರೇ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಎದ್ದವರು ನಾಲ್ಕೈದು ದಿನಕ್ಕೆ ಹೋಗಿಬಿಡುತ್ತಿದ್ದರು. ವಿಜ್ಞಾನಿ ಹಾಫ್ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಸರಕಾರಿ ಸಿಪಾಯಿಗಳು ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ಯುತ್ತಿದ್ದ ಆ ದಿನಗಳಲ್ಲಿ ಜನ ಸೂಜಿಗೆ ಹೆದರಿದ್ದು ಸಹಜ. ಇಂಥ ಹೊತ್ತಿನಲ್ಲಿ, ಸರಕಾರದ್ದಲ್ಲದ, ಪರಿಚಯದ ಮುಖವಿರುವ ದವಾಖಾನೆಗೆ ಒಂದು ಬೆಲೆ ಬಂತು.

ವಾನ್‌ಲೆಸ್‌ರ ಹೆಸರು ದೂರ ಹೋದದ್ದು ಶಸ್ತ್ರಚಿಕಿತ್ಸೆಯಿಂದ. ಪೊರೆ ತೆಗೆದು ಕಣ್ಣು ಕೊಡುವುದು, ಮೂತ್ರಕೋಶದ ಕಲ್ಲು ತೆಗೆಯುವುದು, ಹೊಟ್ಟೆಯ ದೊಡ್ಡ ಆಪರೇಶನ್ನುಗಳು. ಕಣ್ಣಿನದು ಎಲ್ಲಕ್ಕಿಂತ ದೊಡ್ಡ ಜಾಹೀರಾತು. ಅದಕ್ಕೂ ಮುಂಚೆ ಊರೂರು ತಿರುಗುವ ವೈದ್ಯರು ಸೂಜಿಯಿಂದ ಪೊರೆಯನ್ನು ಕಣ್ಣಿನ ಒಳಕ್ಕೆ ತಳ್ಳಿ ಹೋಗುತ್ತಿದ್ದರು; ಎರಡು ದಿನ ಕಂಡು, ಆಮೇಲೆ ಕೀವು ತುಂಬಿ ಕಣ್ಣೇ ಹೋಗುವುದು ಅಪರೂಪವಾಗಿರಲಿಲ್ಲ. ಮಿರಜಿನಿಂದ ಬಂದ ಅಜ್ಜ ಮೊಮ್ಮಗನ ಗುರುತು ಹಿಡಿದನೆಂದರೆ ಮರುವಾರ ಅದೇ ಓಣಿಯಿಂದ ಇನ್ನೂ ಎರಡು ಚಕ್ಕಡಿ ಹೊರಡುತ್ತಿದ್ದವು. ಕೊಲ್ಹಾಪುರದ ಶಾಹೂ ಮಹಾರಾಜರಿಗೂ ಈ ಡಾಕ್ಟರರ ಮೇಲೆ ವಿಶ್ವಾಸ. ಕೊಲ್ಹಾಪುರದಲ್ಲಿ ವಾನ್‌ಲೆಸ್‌ರ ಮೊದಲ ಹೆಂಡತಿಯ ಹೆಸರಿನ ಮೇರಿ ವಾನ್‌ಲೆಸ್ ಆಸ್ಪತ್ರೆ ಇಂದಿಗೂ ಇದೆ.

ಒಬ್ಬ ಡಾಕ್ಟರು ಎಷ್ಟು ಕೊಯ್ದಾನು? 1897ರಲ್ಲಿ ಅವರು ಹುಡುಗರನ್ನು ಕಟ್ಟಿಕೊಂಡು ವೈದ್ಯಕೀಯ ಶಾಲೆ ಶುರುಮಾಡಿದರು; ದಾದಿಯರ ತರಬೇತಿಯೂ ಬಂತು. ಹೆಣ್ಣುಮಗಳು ಪರಪುರುಷರ ಮೈ ಮುಟ್ಟುವ ಕೆಲಸಕ್ಕೆ ಹೋಗುವುದೇ ಎಂದು ಮೇಲ್ಜಾತಿಯ ಮನೆಗಳು ಮೂಗು ಮುರಿಯುತ್ತಿದ್ದ ಕಾಲ. ದಾದಿಯಾದವರು ಹೆಚ್ಚಾಗಿ ಕ್ರೈಸ್ತ ಮನೆಗಳ ಹೆಣ್ಣುಮಕ್ಕಳು. ಈ ಶಾಲೆಯಲ್ಲಿ ಕಲಿತವರು ಪಶ್ಚಿಮ ಭಾರತದ ಮಿಶನ್ ಆಸ್ಪತ್ರೆಗಳಿಗೆಲ್ಲ ಹಂಚಿಹೋದರು. ಮಹಾರೋಗದವರಿಗೆ ಬೇರೆ ಆಸ್ಪತ್ರೆ, ಕ್ಷಯದವರಿಗೆ ಸಾಂಗ್ಲಿ ದಾರಿಯ ಬಯಲಲ್ಲಿ ಸ್ಯಾನಿಟೋರಿಯಂ ಆದವು. ಸ್ಟ್ರೆಪ್ಟೋಮೈಸಿನ್ ಬರುವ ಮೊದಲು ಕ್ಷಯಕ್ಕೆ ಗಾಳಿ, ಬಿಸಿಲು, ಹಾಲು-ತತ್ತಿ ಮತ್ತು ಮಲಗಿರುವುದು ಇಷ್ಟೇ ಮದ್ದು. ಆ ಜಾಗಕ್ಕೆ ವಾನ್‌ಲೆಸ್‌ವಾಡಿ ಎಂಬ ಹೆಸರೇ ನಿಂತಿತು. 1928ರಲ್ಲಿ ಅವರಿಗೆ ಬ್ರಿಟಿಷ್ ಸರಕಾರ ಸರ್ ಪದವಿ ಕೊಟ್ಟಿತು, ಅದೇ ವರ್ಷ ಅವರು ನಿವೃತ್ತರಾಗಿ ಹೊರಟರು. ಅಮೆರಿಕದಲ್ಲಿ ನೆಲೆಸಿ ತಮ್ಮ ಮಿರಜಿನ ನೆನಪುಗಳನ್ನು ಪುಸ್ತಕ ಮಾಡಿ, 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಆಸ್ಪತ್ರೆಯನ್ನು ಡಾಕ್ಟರ್ ಚಾರ್ಲ್ಸ್ ವೇಲ್ ಮತ್ತಿತರರು ನಡೆಸಿಕೊಂಡು ಹೋದರು.

ಅಷ್ಟರಲ್ಲಿ ನಮ್ಮ ದಂಡೆಯಲ್ಲೂ ಗಾಳಿ ತಿರುಗಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿ 20ನೇ ಶತಮಾನದ ಆರಂಭದಲ್ಲೇ ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆ ಕಟ್ಟಿದ್ದರು. ಕರುಗಳ ಚರ್ಮದ ಮೇಲೆ ಬೆಳೆಸಿದ ಲಸಿಕೆ ಅಲ್ಲಿಂದ ಮುಂಬಯಿ ಪ್ರಾಂತಕ್ಕೆಲ್ಲ ಹೋಗುತ್ತಿತ್ತು. ಇಂದು ಆ ಜಾಗದ ಹೆಸರಾದ ‘ವ್ಯಾಕ್ಸಿನ್ ಡಿಪೋ’ ಅಂದರೆ ಬೆಳಗಾವಿಯ ಜನಕ್ಕೆ ಬೆಳಗಿನ ವಾಕಿಂಗು ನೆನಪಾಗುತ್ತದೆಯೇ ಹೊರತು ಸಿಡುಬಲ್ಲ. ಇನ್ನೊಂದು ಕಡೆ, ಅದೇ ಮಿರಜ ಹಳಿಯ ಮೇಲಿನ ಘಟಪ್ರಭಾದಲ್ಲಿ, ಹೊಳೆಯ ಹತ್ತಿರದ ವಿಶಾಲ ಜಾಗದಲ್ಲಿ 1929ರಲ್ಲಿ ಡಾಕ್ಟರ್ ಕೊಕಟನೂರ ಕರ್ನಾಟಕ ಆರೋಗ್ಯಧಾಮ ಕಟ್ಟಿದರು. ಹಿಂದುಸ್ತಾನಿ ಸೇವಾದಳ ಕಟ್ಟಿದ ನಾ. ಸು. ಹರ್ಡೀಕರರು ಅಲ್ಲಿಗೆ ಬಂದು ನೆಲೆಸಿದರು. ಅವರೂ ಅಮೆರಿಕದಲ್ಲಿ ಓದಿ ಬಂದವರೇ. ಅಮೆರಿಕದಿಂದ ಬಂದ ಡಾಕ್ಟರು ಹಳಿಯ ಆ ತುದಿಯಲ್ಲಿ, ಅಮೆರಿಕಕ್ಕೆ ಹೋಗಿಬಂದ ದೇಶಭಕ್ತರು ಈ ತುದಿಯಲ್ಲಿ. ಒಬ್ಬರ ಹಿಂದೆ ಚರ್ಚು, ಇನ್ನೊಬ್ಬರ ಹಿಂದೆ ಖಾದಿ. ಗಾಡಿಯಲ್ಲಿದ್ದ ರೋಗಿ ಮಾತ್ರ ಇಬ್ಬರನ್ನೂ ‘ಡಾಕ್ಟರ್ ಸಾಹೇಬರ’ ಎಂದೇ ಕರೆದ.

1948ರಲ್ಲಿ ಮಿರಜ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಹುಕ್ಕೇರಿ, ಗೋಕಾಕ ಮೊದಲೇ ಅಲ್ಲಿದ್ದವು. ಎಂಟು ವರ್ಷ ರೋಗಿಯೂ ಆಸ್ಪತ್ರೆಯೂ ಒಂದೇ ಸರಕಾರದಡಿ ಇದ್ದವು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಮಿರಜ ಆ ಕಡೆ ಉಳಿಯಿತು. ಗಡಿಯ ಜಗಳ ಅಂದಿನಿಂದ ಇಂದಿನವರೆಗೆ ಎಷ್ಟು ಸಭೆ, ಎಷ್ಟು ಬಂದ್, ಎಷ್ಟು ಕೋರ್ಟು ಕಂಡಿದೆಯೋ! ಅದರ ನಡುವೆ ರೋಗಿಗಳ ಗಾಡಿ ನಿಲ್ಲಲಿಲ್ಲ. ಕನ್ನಡದ ಹೋರಾಟಗಾರನಿಗೆ ಎದೆನೋವು ಬಂದರೂ ಮಿರಜಿಗೇ ಒಯ್ಯುತ್ತಿದ್ದರು. ಆಸ್ಪತ್ರೆಯ ಸುತ್ತಲಿನ ಔಷಧಿ ಅಂಗಡಿ, ಖಾನಾವಳಿಗಳಲ್ಲಿ ಕನ್ನಡ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ.

ಗಡಿಯಿಂದ ಆಗದ್ದು ಬೇರೆ ರೀತಿಯಲ್ಲಿ ಆಯಿತು. 1962ರಲ್ಲಿ ಮಿರಜಿನಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಬಂತು. ಅದರ ವಿದ್ಯಾರ್ಥಿಗಳು ಆರಂಭದ ದಿನಗಳಲ್ಲಿ ರೋಗಿಗಳ ಬಳಿ ಕಲಿತದ್ದು ಈ ಮಿಶನ್ ಆಸ್ಪತ್ರೆಯ ವಾರ್ಡುಗಳಲ್ಲಿ. ಮರುವರ್ಷ, 1963ರಲ್ಲಿ, ಕೆಎಲ್ಇ ಸಂಸ್ಥೆ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ತೆರೆಯಿತು. ಕಲಿತು ಹೊರಬಿದ್ದ ಡಾಕ್ಟರರು ಮಿರಜಿನ ಓಣಿ ಓಣಿಯಲ್ಲಿ ಸ್ವಂತ ನರ್ಸಿಂಗ್ ಹೋಮ್ ಹಾಕಿದರು. ಊರೇ ಒಂದು ದವಾಖಾನೆಯಾಯಿತು. ಮೊದಲ ದವಾಖಾನೆಗೆ ಬರುವವರು ಕಡಿಮೆಯಾದರು. ಪರದೇಶದ ದುಡ್ಡು ಬತ್ತಿತು, ಆ ಆಸ್ಪತ್ರೆ ವರ್ಷಾನುಗಟ್ಟಲೆ ಹಣದ ಮುಗ್ಗಟ್ಟಿನಲ್ಲಿ ನರಳಿತು. ಬಾಗೇವಾಡಿಯವರಿಗೂ ಈಗ ಬೆಳಗಾವಿ ಹತ್ತಿರ, ಹೆದ್ದಾರಿಯ ಮೇಲೆ ಆಂಬುಲೆನ್ಸ್ ಹಿಡಿದರೆ ಆಯಿತು.

ಆದರೂ ಮಿರಜಿನ ಹಾದಿ ಎಷ್ಟು ಗಟ್ಟಿಯಾಗಿ ಉಳಿದಿತ್ತು ಎಂಬುದು 2020ರಲ್ಲಿ ಗೊತ್ತಾಯಿತು. ಕೊರೊನಾದಿಂದಾಗಿ ಆ ಮಾರ್ಚ್ ಕೊನೆಗೆ ರೈಲು ನಿಂತಿತು, ಕಾಗವಾಡದ ಹತ್ತಿರ ರಸ್ತೆಗೆ ಚೆಕ್‌ಪೋಸ್ಟ್ ಬಿತ್ತು. ಅಥಣಿ, ಕಾಗವಾಡ, ರಾಯಬಾಗ ಕಡೆಯ ಹಳ್ಳಿಗಳಲ್ಲಿ ಮಿರಜಿನ ಡಾಕ್ಟರರ ಚೀಟಿ ಇಟ್ಟುಕೊಂಡವರಿಗೆ ಆಗ ಗಡಿ ಎಲ್ಲಿದೆ ಎಂದು ತಿಳಿಯಿತು. ಪ್ಲೇಗಿನ ಕಾಲದಲ್ಲೂ ಸ್ಟೇಷನ್ನುಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಕಂಕುಳು ಮುಟ್ಟಿ ನೋಡಿ ಬಿಡುತ್ತಿದ್ದರು. ಈ ಸಲ ಹಣೆಗೆ ಯಂತ್ರ ಹಿಡಿದರು.

ಮಿರಜಿನ ಕಥೆಯನ್ನು ಯಾರಾದರೂ ಒಂದು ಕೋಣೆಯಲ್ಲಿ ಜೋಡಿಸಿ ಇಡುವುದಾದರೆ ಡಾಕ್ಟರರ ಫೋಟೊ, ಇಕ್ಕಳಗಳಿಗೆ ಮಿರಜಿನಲ್ಲೇ ಹುಡುಕಿದರೆ ಸಾಕು. ಉಳಿದರ್ಧ ಸಾಮಾನು ಕೃಷ್ಣೆಯ ಈ ಕಡೆ ಇದೆ: ಜಂತಿಯ ಮೇಲೆ ಸುತ್ತಿಟ್ಟ ಎಕ್ಸ್‌ರೇ ಹಾಳೆ, ಟ್ರಂಕಿನ ತಳದ ಮರಾಠಿ ಚೀಟಿ, ದಪ್ಪ ಗಾಜಿನ ಚಾಳೀಸು, ಕಟ್ಟುವ ಪಟ್ಟಿಯ ಮೇಲೆ ಹೊಲಿದುಕೊಂಡ ಹೆಸರು. ಹುಕ್ಕೇರಿ-ಗೋಕಾಕದ ಕಾಲೇಜುಗಳ ಇತಿಹಾಸದ ಹುಡುಗ ಹುಡುಗಿಯರು ತಮ್ಮ ಮನೆಯ ಎಂಬತ್ತು ದಾಟಿದ ಆಯಿ-ಮುತ್ತ್ಯಾರನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡರೆ, ಒಂದು ಬೇಸಿಗೆ ರಜೆಯಲ್ಲಿ ಆಗುವ ಕೆಲಸ. ಯಾವ ಸ್ಟೇಷನ್ನಿನಲ್ಲಿ ಹತ್ತಿದಿರಿ, ಜೊತೆ ಯಾರು ಬಂದಿದ್ದರು, ಎಷ್ಟು ದಿನ ಇದ್ದಿರಿ, ಏನು ಅಡುಗೆ ಮಾಡಿಕೊಂಡಿರಿ, ದುಡ್ಡಿಗೆ ಏನು ಮಾರಿದಿರಿ. ಮೊದಲ ನಾಲ್ಕಕ್ಕೆ ನಗುತ್ತ ಉತ್ತರ ಹೇಳುತ್ತಾರೆ. ಐದನೆಯದಕ್ಕೆ ಹೊಲದ ಸರ್ವೆ ನಂಬರು ಸಮೇತ ಹೇಳುತ್ತಾರೆ.